1980ರ ನರಗುಂದ–ನವಲಗುಂದ ಬಂಡಾಯ ಇವತ್ತಿನ ರಾಜಕೀಯಕ್ಕೆ ಬಿಟ್ಟು ಹೋಗಿದ್ದೇನು?

ಸಪ್ತಾಪುರ_ಓದುಗ

ಎಲ್ಲರಿಗೂ ನಮಸ್ಕಾರ. ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವವರಿಗೆ ನರಗುಂದ ರೈತ ಬಂಡಾಯ ತಪ್ಪಿಸಲಾಗದ ವಿಷಯ. ಆದರೆ ಧಾರವಾಡದ ಯಾವ ಕೋಚಿಂಗ್ ನೋಟ್ಸ್ ತೆಗೆದರೂ ಅದೇ ಮೂರು ಸಾಲು: 1980ರ ಜುಲೈ 21ರಂದು ಗೋಲಿಬಾರ್ ಆಯಿತು, ರೈತ ಸಂಘ ಹುಟ್ಟಿತು, 1983ರಲ್ಲಿ ಕಾಂಗ್ರೆಸ್ ಸೋತಿತು. ಈ ಮೂರರ ನಡುವಿನ ಕೊಂಡಿ ಯಾವುದು ಅಂತ ಯಾರೂ ಬರೆಯುವುದಿಲ್ಲ. ಬಂಡಾಯಕ್ಕೆ ಕಾರಣವಾದ ಲೆವಿ ಅಂದರೆ ನಿಖರವಾಗಿ ಏನು? ಸಿಟ್ಟು ಈ ಎರಡು ತಾಲ್ಲೂಕಿನಲ್ಲೇ ಯಾಕೆ ಸ್ಫೋಟಿಸಿತು? 1983ರ ಸೋಲಿಗೆ ಅದೊಂದೇ ಕಾರಣವೇ? ಇವತ್ತಿನ ರಾಜಕಾರಣದಲ್ಲಿ ಅದರ ಗುರುತು ಎಲ್ಲಿದೆ? ಹಸಿರು ಶಾಲು ಬಿಟ್ಟು ಬೇರೇನಾದರೂ ಇದ್ದರೆ ತಿಳಿದವರು ಹೇಳಿ.

ಎರಿಹೊಲ

ಮೊದಲ ಡ್ಯಾಮಿನ ಲೆಕ್ಕ ಮಾಡೂಣು, ರಾಜಕೀಯ ಆಮ್ಯಾಲ.

ಈ ಎರಡೂ ತಾಲ್ಲೂಕಿಗೆ ಕಾಲುವಿ ನೀರು ಬರೂದು ಮಲಪ್ರಭಾ ನದಿಯ ನವಿಲುತೀರ್ಥ ಡ್ಯಾಮಿನಿಂದ. ಅದರ ಜಲಾಶಯ ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಒಂದು ಟಿಎಂಸಿ ಅಂದ್ರ 100 ಕೋಟಿ ಘನ ಅಡಿ, ಅಂದ್ರ ಸುಮಾರು 22,957 ಎಕರೆಗೆ ಒಂದು ಅಡಿ ನೀರು ನಿಲ್ಲಿಸಿದಷ್ಟು. ಡ್ಯಾಮ್ ಪೂರ್ತಿ ತುಂಬಿದ್ರ 8.66 ಲಕ್ಷ ಎಕರೆ-ಅಡಿ. ಕಾಗದದ ಮ್ಯಾಲಿನ ಅಚ್ಚುಕಟ್ಟು 5 ಲಕ್ಷ ಎಕರೆಗೂ ಹೆಚ್ಚು. ಭಾಗಿಸಿದ್ರ ಎಕರೆಗೆ ಒಂದೂವರಿ ಅಡಿಗಿಂತ ಚೂರು ಹೆಚ್ಚು ಬರ್ತದ. ಇದು ತುಂಬಿದ ವರ್ಷದ ಮಾತು.

ತುಂಬೂದ ಕಷ್ಟ. ಮಲಪ್ರಭಾ ಹುಟ್ಟೂದು ಖಾನಾಪುರ ತಾಲ್ಲೂಕಿನ ಕಣಕುಂಬಿಯೊಳಗ. ಜೋರು ಮಳಿ ಬೀಳೂದು ಆ ಘಟ್ಟದ ಅಂಚಿಗೆ ಅಷ್ಟ. ಸವದತ್ತಿ ಕಡೆ ಬರೂದ್ರಾಗ ಬಯಲ ಸೀಮಿ. ಆ ಅಂಚಿನಾಗ ಮಳಿ ಕೈಕೊಟ್ರ ಡ್ಯಾಮ್ ಅರ್ಧಕ್ಕ ನಿಲ್ತದ. 20 ಟಿಎಂಸಿ ಬಂತು ಅಂತ ಇಟ್ಟುಕೊಳ್ರಿ. ಎಕರೆಗೆ 10 ಇಂಚು. ಕಾಲುವಿಯೊಳಗ ಬಸಿದು, ಆವಿಯಾಗಿ, ನೂರಕ್ಕ ನಲವತ್ತು ಪಾಲು ಹೋತು ಅಂದ್ರ ಉಳಿದದ್ದು 6 ಇಂಚು. ಎರಿ ಹೊಲಕ್ಕ ಒಂದು ತೇವಕ್ಕ 3 ಇಂಚು ಬೇಕು. ಎರಡು ತೇವ, ಮುಗೀತು. ಅದೂ ಎಲ್ಲಾರಿಗೂ ಸಮನಾಗಿ ಹಂಚಿದ್ರ ಮಾತ್ರ.

ಸಮನಾಗಿ ಹಂಚೂದಿಲ್ಲ. ಯೋಜನೆ ಮಾಡಿದ್ದು ಜೋಳ, ಗೋದಿ, ಹತ್ತಿಯಂಥ ಕಡಿಮಿ ನೀರಿನ ಬೆಳಿಗೆ. ನೀರು ಕಣ್ಣಿಗೆ ಬಿದ್ದ ಕೂಡಲೇ ಮೇಲ್ಭಾಗದವರು ಹೆಚ್ಚು ನೀರು ಕುಡಿಯೂ ಬೆಳಿಗೆ ಹೋಗ್ತಾರ, ತೂಬು ದೊಡ್ಡದು ಮಾಡ್ತಾರ, ಕಾಲುವಿಗೇ ಪಂಪ್ ಇಡ್ತಾರ. ಕರಿಮಣ್ಣಿನ ಏರಿ ಬ್ಯಾಸಗಿಯಾಗ ಬಿರಿತದ, ನೀರು ಬಿಟ್ಟಾಗ ಉಬ್ಬಿ ಜರಿತದ. ಹೂಳು ಮತ್ತ ಆಪು ಹುಲ್ಲು ಸೇರಿ ಉಪಕಾಲುವಿ ಬಾಯಿ ಕಟ್ತಾವ. ಕೊನಿ ಭಾಗಕ್ಕ ಬರೂದ್ರಾಗ ಕಾಲುವಿ ಅನ್ನೂದು ಒಂದು ಉದ್ದನ್ನ ಗುಂಡಿ. ನರಗುಂದ, ನವಲಗುಂದ ಇರೂದು ಬಹುತೇಕ ಆ ಕೊನಿ ಕಡೆ.

ಈಗ ಆ ಗುಂಡಿ ಪಕ್ಕದ ಹೊಲದವನಿಗೆ, ನಿನ್ನ ಭೂಮಿ ನೀರಾವರಿ ಆಗಿ ಬೆಲಿ ಏರೇತಿ, ಏರಿದ್ರಾಗ ನಮ್ಮ ಪಾಲು ಕೊಡು ಅಂತ ನೋಟಿಸು ಬಂದ್ರ?

ದಾಖಲೆಪೆಟ್ಟಿಗೆ

ಎರಿಹೊಲ ಅವರು ನೋಟಿಸಿನವರೆಗೆ ತಂದು ನಿಲ್ಲಿಸಿದ್ದಾರೆ, ಅಲ್ಲಿಂದ ನಾನು ಮುಂದುವರಿಸುತ್ತೇನೆ.

ಬೆಟರ್‌ಮೆಂಟ್ ಲೆವಿಗೆ ಆಧಾರ 1957ರ ಕಾಯ್ದೆ. ಅದರ ತರ್ಕ ಸರಳ: ಸರ್ಕಾರದ ಖರ್ಚಿನಲ್ಲಿ ಕಾಲುವೆ ಬಂದರೆ ಒಣ ಭೂಮಿಯ ಬೆಲೆ ಏರುತ್ತದೆ; ಆ ಏರಿಕೆಗೆ ರೈತ ದುಡಿದಿಲ್ಲ, ಹಾಗಾಗಿ ಒಂದು ಪಾಲು ಸರ್ಕಾರಕ್ಕೆ ಸೇರಬೇಕು. ಇದು ನೀರಿನ ಕರದಿಂದ ಪ್ರತ್ಯೇಕ. ನೀರಿನ ಕರ ಬೆಳೆ ನೋಡಿ, ಹಂಗಾಮು ನೋಡಿ ಹಾಕುವಂಥದ್ದು. ಲೆವಿ ಮಾತ್ರ ಭೂಮಿಯ ಮೇಲೆಯೇ ಕೂರುತ್ತದೆ. ಇವೆರಡನ್ನೂ ಒಂದೇ ಅಂತ ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಎಡವಟ್ಟು ಆಗಿದ್ದು ಲೆಕ್ಕ ಹಾಕಿದ ಕಡೆ. ಅಚ್ಚುಕಟ್ಟಿನ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಬಂದಿದೆಯೇ, ಬಂದಿದ್ದರೆ ಬೇಡಿಕೆ ತಯಾರು. ನೀರು ಹೊಲಕ್ಕೆ ಮುಟ್ಟಿತೇ ಎಂಬುದನ್ನು ದೃಢೀಕರಿಸುವವರು ನೀರಾವರಿ ಇಲಾಖೆಯವರು, ವಸೂಲಿ ಮಾಡುವವರು ಕಂದಾಯ ಇಲಾಖೆಯವರು. ತಲಾಠಿಯನ್ನು (ಗ್ರಾಮ ಲೆಕ್ಕಿಗನನ್ನು) ಕೇಳಿದರೆ ‘ಪಟ್ಟಿ ಮೇಲಿಂದ ಬಂದದ್ದು’, ಎಂಜಿನಿಯರನ್ನು ಕೇಳಿದರೆ ‘ನಾವು ವಸೂಲಿ ಮಾಡುವವರಲ್ಲ’. ತಕರಾರು ಹೇಳಿಕೊಳ್ಳಲು ಒಂದು ಬಾಗಿಲೇ ಇರಲಿಲ್ಲ. ಇದ್ದದ್ದು ತಹಶೀಲ್ದಾರ್ ಕಚೇರಿ ಒಂದೇ, ಆದ್ದರಿಂದ ಜನ ಅಲ್ಲಿಗೇ ಬಂದರು.

ಒಂದೇ ಉತಾರದ (ಪಹಣಿಯ) ಮೇಲೆ ಆಗ ಏನೇನು ಕೂತಿತ್ತು ನೋಡಿ: ಭೂಕಂದಾಯ, ನೀರಿನ ಕರ, ಲೆವಿ, ಹೊಲ ಮಟ್ಟ ಮಾಡಿಸಿದ ಸಾಲ, ಸೊಸೈಟಿಯ ಬೆಳೆ ಸಾಲ. ಇದರ ಜೊತೆಗೆ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರಲ್ಲ, ಬೇಡಿಕೆಯೂ ಅವರ ಹೆಸರಿಗೇ ಬಂತು. ಹಿಂದೆ ಧಣಿಯ ತಲೆನೋವಾಗಿದ್ದದ್ದು ಈಗ ನಾಲ್ಕು ಎಕರೆಯವನದು.

ಎರಿಹೊಲ

ಹತ್ತಿ ಸೇರಿಸ್ರಿ ದಾಖಲೆಪೆಟ್ಟಿಗೆಯವರ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 1972ರಾಗ ವರಲಕ್ಷ್ಮಿ ಬಂತು, ಬಿ.ಎಚ್. ಕಟರಕಿ ಅವರು ತಗದ ಹೈಬ್ರಿಡ್. ಉದ್ದ ಎಳಿ, ಮೊದಮೊದಲು ಭಾರಿ ರೇಟು. ಆದ್ರ ಅದು ಗೊಬ್ಬರ ಬೇಡ್ತದ, ಎಣ್ಣಿ ಹೊಡಿಬೇಕು, ಬೀಜ ಪ್ರತಿ ವರ್ಷ ಕೊಳ್ಳಬೇಕು. ಜನ ರೇಟು ನೋಡಿ ಸಾಲ ಮಾಡಿದ್ರು. 1970ರ ದಶಕ ಮುಗಿಯೂ ಹೊತ್ತಿಗೆ ರೇಟು ಬಿತ್ತು, ಖರ್ಚು ಮಾತ್ರ ಇಳಿಲಿಲ್ಲ. ಲೆವಿ ನೋಟಿಸು ಬಂದದ್ದು ಸರಿಯಾಗಿ ಅದರ ಬೆನ್ನಿಗೆ. ಹತ್ತಿ ರೇಟು ನಿಂತಿದ್ರ ಇದೇ ಲೆವಿ ಬೈಕೋತ ತುಂಬತಿದ್ರೋ ಏನೋ.

ಬೆಟಗೇರಿ_ಬಸು

ಇನ್ನ ರಾಜಕೀಯಕ್ಕ ಬರೂಣು. ತಮ್ಮಾ ಓದುಗ, ಮೊದಲ ಒಂದು ಮಾತು ತಲಿಯಾಗ ಇಟ್ಟುಕೊ: 1980ರಾಗ ಗದಗ ಜಿಲ್ಲಾ ಇರಲಿಲ್ಲ. ಗದಗ, ಹಾವೇರಿ ಎರಡೂ ಬ್ಯಾರೆ ಆಗಿದ್ದು 1997ರಾಗ. ನರಗುಂದ, ನವಲಗುಂದ ಆಗ ಎರಡೂ ಧಾರವಾಡ ಜಿಲ್ಲಾದಾಗ, ಡ್ಯಾಮ್ ಇದ್ದ ಸವದತ್ತಿ ಬೆಳಗಾವಿ ಜಿಲ್ಲಾದಾಗ. ಹೋರಾಟ ಮಾಡಿದ ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿ ಅದಕ್ಕ ಜಿಲ್ಲಾ ಹೆಸರು ಇಟ್ಟುಕೊಳ್ಳಲಿಲ್ಲ, ಕಾಲುವಿ ಹೆಸರು ಇಟ್ಟುಕೊಂಡಿತು. ಪಕ್ಷದ ಘಟಕ ಜಿಲ್ಲಾ ಲೆಕ್ಕಕ್ಕ ಇರ್ತಾವ, ಇದು ನೀರಿನ ಲೆಕ್ಕಕ್ಕ ಕಟ್ಟಿದ ಸಂಘಟನೆ. ಹಂಗಾಗಿ ಯಾವ ಪಕ್ಷದವರಿಗೂ ಇದರ ಮ್ಯಾಲ ಹಿಡಿತ ಸಿಗಲಿಲ್ಲ.

ಜುಲೈ 21ರ ಬಂದ್ ದಿನ ಎರಡೂ ಊರಾಗ ಗೋಲಿಬಾರ್ ಆತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡ್ರು. ನರಗುಂದದಾಗ ರೊಚ್ಚಿಗೆದ್ದ ಗುಂಪಿನ ಕೈಯಾಗ ಪೊಲೀಸರೂ ಸತ್ರು, ಅದನ್ನ ಬಿಟ್ಟು ಬರಿಬ್ಯಾಡ. ಗಲಾಟಿ ಮುಂದಿನ ವಾರಗಳಾಗ ಬ್ಯಾರೆ ಜಿಲ್ಲಾಕ್ಕೂ ಹಬ್ಬಿತು, ಗುಂಡೂರಾವ್ ಸರಕಾರ ಲೆವಿ ವಸೂಲಿ ನಿಲ್ಲಿಸಿತು. 1981ರ ಶುರುವಿಗೆ ವಿರೋಧ ಪಕ್ಷದವರು ಎಡದವರ ಸಂಗಾಟ ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗಿ ಜಾಥಾ ತಗದ್ರು. ನರಗುಂದ ಅನ್ನೂ ಹೆಸರು ಹಳೇ ಮೈಸೂರು ಕಡೆ ಊರೂರಿಗೆ ಮುಟ್ಟಿದ್ದು ಆ ಜಾಥಾದಿಂದ.

ಈಗ ಅಂಕಿ. 1980ರ ಜನವರಿ ಲೋಕಸಭಾ ಚುನಾವಣೆಯಾಗ ಇಂದಿರಾ ಕಾಂಗ್ರೆಸ್ 28ರಾಗ 27 ಗೆದ್ದಿತ್ತು. ಮೂರು ವರ್ಷಕ್ಕ, 1983ರ ವಿಧಾನಸಭಾದಾಗ 224ಕ್ಕ 82. ಜನತಾ ಪಕ್ಷ 95, ಬಿಜೆಪಿ 18. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ. ನೋಟ್ಸಿನವರು ಇದನ್ನ ನೋಡಿ ‘ನರಗುಂದದಿಂದ’ ಅಂತ ಬರದುಬಿಡ್ತಾರ.

ಪೂರ್ತಿ ಹಂಗಿಲ್ಲ. 1982ರ ಗೋಕಾಕ್ ಚಳವಳಿ ಇತ್ತು, ಪ್ಯಾಟಿ ಜನ ತಿರುಗಿದ್ದು ಅದರಿಂದ. ಬಂಗಾರಪ್ಪ ಕ್ರಾಂತಿರಂಗ ಪಕ್ಷದ ಮುಂದಾಳಾಗಿ ಮಲೆನಾಡಿನ ಮತ ಒಯ್ದಿದ್ದರು. ದೇವರಾಜ ಅರಸರು ಒಟ್ಟುಗೂಡಿಸಿದ್ದ ಹಿಂದುಳಿದವರ ಬೆಂಬಲ ಚದುರಿತ್ತು. ನರಗುಂದ ಮಾಡಿದ್ದು ಏನಂದ್ರ, ಹೊಲ ಇದ್ದ ಮನಿತನದವರಿಗೆ ಕಾಂಗ್ರೆಸ್ಸಿಗೆ ಮತ ಹಾಕೂ ರೂಢಿ ಬಿಡಿಸಿತು. ಆ ರೂಢಿ ಒಮ್ಮೆ ಬಿಟ್ಟ ಮ್ಯಾಲ ಮತದಾರ ಚೌಕಾಸಿ ಕಲಿತ: 1984ರ ಲೋಕಸಭಾಕ್ಕ ಕಾಂಗ್ರೆಸ್ಸಿಗೆ 24 ಕೊಟ್ಟ, ಮೂರೇ ತಿಂಗಳಿಗೆ 1985ರಾಗ ವಿಧಾನಸಭಾಕ್ಕ ಜನತಾಕ್ಕ 139 ಕೊಟ್ಟ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು. ಇವತ್ತಿಗೂ ಕರ್ನಾಟಕದ ಮತದಾರನ ಗುಣ ಅದ. ಉತ್ತರದಾಗ ಇದನ್ನ ಬರಿ, 1983 ಅಂತ ಬರದು ನಿಲ್ಲಬ್ಯಾಡ.

ಸಪ್ತಾಪುರ_ಓದುಗ

ಬಸು ಅಣ್ಣಾರ, ಬಹಳ ಉಪಯೋಗ ಆಯಿತು. ಒಂದು ಸಂಶಯ: ಇಷ್ಟು ದೊಡ್ಡ ಸಿಟ್ಟು ಇದ್ದಾಗ ರೈತ ಸಂಘವೇ ಯಾಕೆ ಅಧಿಕಾರಕ್ಕೆ ಬರಲಿಲ್ಲ? ಸಂಘ ಹುಟ್ಟಿದ್ದು ನರಗುಂದದಲ್ಲಿ ಅಂತ ಒಂದು ನೋಟ್ಸ್, ಶಿವಮೊಗ್ಗದಲ್ಲಿ ಅಂತ ಇನ್ನೊಂದು. ನರಗುಂದದ ಅರಸ ಬಾಬಾಸಾಹೇಬನ ಬಂಡಾಯದ ಮುಂದುವರಿಕೆ ಅಂತ ಬರೆದವರೂ ಇದ್ದಾರೆ.

ದಾಖಲೆಪೆಟ್ಟಿಗೆ

ಬಾಬಾಸಾಹೇಬರದು 1858. ದತ್ತಕ ನಿರಾಕರಣೆ, ಆಯುಧ ಒಪ್ಪಿಸುವ ಆದೇಶ, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತ್ಯೆ, ಬೆಳಗಾವಿಯಲ್ಲಿ ಗಲ್ಲು. ಅದು ಸಂಸ್ಥಾನಿಕನೊಬ್ಬನ ಬಂಡಾಯ. ಊರು ಒಂದೇ ಆದ್ದರಿಂದ ಭಾಷಣದಲ್ಲಿ ಎರಡನ್ನೂ ಸೇರಿಸುತ್ತಾರೆ. ಉತ್ತರಪತ್ರಿಕೆಯಲ್ಲಿ ಸೇರಿಸಬೇಡಿ.

ಕರ್ನಾಟಕ ರಾಜ್ಯ ರೈತ ಸಂಘ 1980ರಲ್ಲೇ ರೂಪುಗೊಂಡಿತು, ಆದರೆ ಅದನ್ನು ಕಟ್ಟಿದವರು ಶಿವಮೊಗ್ಗ ಕಡೆಯವರು: ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಅವರ ಜೊತೆಗೆ ಎಂ.ಡಿ. ನಂಜುಂಡಸ್ವಾಮಿ. ಅಂದರೆ ಕಿಡಿ ಮಲಪ್ರಭೆಯದು, ಸಂಘಟನೆ ತುಂಗಭದ್ರೆಯ ಆಚೆಯದು. ಮುಂದಿನ ಎಷ್ಟೋ ಒಡಕಿಗೆ ಇದೇ ಬೇರು ಅಂತ ನನ್ನ ಅಭಿಪ್ರಾಯ. ಇಲ್ಲಿಯವರ ಬೇಡಿಕೆ ಕಾಲುವೆ, ಲೆವಿ, ಹತ್ತಿ. ಅಲ್ಲಿಯವರದು ಕಬ್ಬು, ಸಾಲ, ಬೆಲೆ. ಎರಡನ್ನೂ ಹಿಡಿದಿಡಲು ಸಿಕ್ಕ ಸಮಾನ ಎಳೆ ಒಂದೇ, ವಸೂಲಿ ವಿರೋಧ.

ಸಂಘ ಬಳಸಿದ ಕ್ರಮಗಳನ್ನು ನೋಡಿದರೆ ಇದು ಸ್ಪಷ್ಟ. ಊರ ಬಾಗಿಲಿಗೆ ಫಲಕ: ಸಂಘದ ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರುವಂತಿಲ್ಲ. ಬ್ಯಾಂಕಿನವರು ಜಪ್ತಿ ಮಾಡಿ ಒಯ್ದ ಸಾಮಾನನ್ನು ಗುಂಪಾಗಿ ಹೋಗಿ ವಾಪಸ್ ತರುವುದು, ಅದಕ್ಕೆ ‘ಮರುಜಪ್ತಿ’ ಅಂತಲೇ ಹೆಸರು. ರೈತ ಸಾಲಗಾರನಲ್ಲ, ಬೆಳೆಗೆ ಸರಿಯಾದ ಬೆಲೆ ಕೊಡದ ಸರ್ಕಾರವೇ ಬಾಕಿದಾರ ಎಂಬ ವಾದ. ಜಪ್ತಿ ಅಂದರೆ ಮನೆಯ ಪಾತ್ರೆ, ಬಾಗಿಲು ಕೂಡ ಎತ್ತಿಕೊಂಡು ಹೋಗುವ ಕಾಲ ಅದು. ಹಳ್ಳಿಗೆ ಬಂದ ಅಧಿಕಾರಿಗೆ ಕುರ್ಚಿ ಹಾಕಿ ಕೈಕಟ್ಟಿ ನಿಲ್ಲುತ್ತಿದ್ದವರು ಎದುರು ಕೂತು ಕಾಗದ ತೋರಿಸಿ ಅಂತ ಕೇಳುವಂತಾದರು. ಮತಗಳಲ್ಲಿ ಇದನ್ನು ಅಳೆಯಲಾಗುವುದಿಲ್ಲ, ಆದರೆ ಅತಿ ಹೆಚ್ಚು ಬಾಳಿದ ಪರಿಣಾಮ ಇದೇ.

ಬೆಟಗೇರಿ_ಬಸು

ಚುನಾವಣಾದ್ದು ನಾ ಹೇಳ್ತೀನಿ, ನಮ್ಮ ಧಾರವಾಡದ್ದೇ ಕತಿ ಅದು. 1989ರಾಗ ಕಾಂಗ್ರೆಸ್ 178 ಗೆದ್ದು ತಿರುಗಿ ಬಂತು. ಅಂಥಾ ಅಲಿಯೊಳಗೂ ರೈತ ಸಂಘ ಎರಡು ಕ್ಷೇತ್ರ ಗೆದ್ದಿತು, ಕಿತ್ತೂರು ಮತ್ತ ಧಾರವಾಡ ಗ್ರಾಮೀಣ. ಎರಡೂ ಕಡೆ ನಿಂತು ಗೆದ್ದವರು ಒಬ್ಬರ, ಬಾಬಾಗೌಡ ಪಾಟೀಲರು. ಧಾರವಾಡ ಬಿಟ್ಟುಕೊಟ್ರು, ಉಪಚುನಾವಣೆಯಾಗ ಅಲ್ಲಿಂದ ನಂಜುಂಡಸ್ವಾಮಿ ವಿಧಾನಸಭಾಕ್ಕ ಹೋದ್ರು. ಮೈಸೂರು ಸೀಮಿಯ ಪ್ರೊಫೆಸರ್ ಒಬ್ಬರನ್ನ ಧಾರವಾಡದ ಹಳ್ಳಿಯವರು ಆರಿಸಿ ಕಳಿಸಿದ್ರು ಅಂದ್ರ ಆಗಿನ ಗಾಳಿ ತಿಳ್ಕೊ.

ಮುಂದ ಇಬ್ಬರೂ ಬ್ಯಾರೆ ದಾರಿ. ಬಾಬಾಗೌಡರು 1998ರಾಗ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸಂಪುಟದಾಗ ಗ್ರಾಮೀಣಾಭಿವೃದ್ಧಿ ರಾಜ್ಯ ಸಚಿವರಾದ್ರು. ನಂಜುಂಡಸ್ವಾಮಿ ಜಾಗತಿಕ ವ್ಯಾಪಾರದ ವಿರುದ್ಧ ಹೋದ್ರು: 1992ರ ಡಿಸೆಂಬರಿಗೆ ಬೆಂಗಳೂರಿನ ಕಾರ್ಗಿಲ್ ಕಂಪನಿ ಕಚೇರಿ ಮ್ಯಾಲ, 1996ರಾಗ ಕೆಂಟಕಿ ಚಿಕನ್ ಅಂಗಡಿ ಮ್ಯಾಲ ದಾಳಿ, 1998ರಾಗ ಬಿಟಿ ಹತ್ತಿಯ ಪ್ರಯೋಗದ ತಾಕು ಸುಟ್ಟಿದ್ದು. ಪರದೇಶದ ಪತ್ರಿಕೆಯಾಗೆಲ್ಲಾ ಹೆಸರು ಬಂತು. ಆದ್ರ ನವಲಗುಂದದ ಕೊನಿ ಹೊಲದವನಿಗೆ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವಕ್ಕಿಂತ ಹೊಲಗಾಲುವಿ ಹತ್ತಿರದ ವಿಷಯ. 1994ರಾಗ ಸಂಘಕ್ಕ ಸಿಕ್ಕದ್ದು ಪಾಂಡವಪುರ ಒಂದ, ಕೆ.ಎಸ್. ಪುಟ್ಟಣ್ಣಯ್ಯ ಅವರು. ಆಮ್ಯಾಲ ಗೆಲುವು ಅನ್ನೂದು ಮಂಡ್ಯದ ಆ ಮೂಲಿಗಷ್ಟ ಉಳೀತು. 2013ರಾಗ ಮೇಲುಕೋಟೆಯಿಂದ ಮತ್ತ ಪುಟ್ಟಣ್ಣಯ್ಯ, 2023ರಾಗ ಅವರ ಮಗ ದರ್ಶನ್.

ಸೋಲಾಕ ಇನ್ನೊಂದು ಕಾರಣ ಐತಿ. ಸಂಘದ ಶಿಸ್ತು ಹೋರಾಟಕ್ಕ ಹೊಂದೂ ಶಿಸ್ತು. ಪಟ್ಟಿ ಹಣ ಊರಾಗ ಕೂಡಸ್ತಾರ, ಲಾರಿ ಹತ್ತಿ ಬಂದು ಧರಣಿ ಕೂಡ್ತಾರ. ಮತದಾನದ ದಿನ ಬೂತಿಗೆ ಏಜೆಂಟರು ಬೇಕು, ಮತಪಟ್ಟಿ ಹಿಡಕೊಂಡು ಮನಿಮನಿ ತಿರುಗೂ ಮಂದಿ ಬೇಕು, ಸಂಘದಾಗ ಇಲ್ಲದ ಜಾತಿಯವರ ಓಣಿಗೂ ಹೋಗಬೇಕು. ಅದಕ್ಕ ಆಳಿಲ್ಲ.

ಕೆಂಪುನೆಲ

ಬಸು ಅವರು ಕೊನೆಯ ವಾಕ್ಯದಲ್ಲಿ ಹೇಳಿ ದಾಟಿಬಿಟ್ಟದ್ದೇ ನನಗೆ ಮುಖ್ಯ. ಆ ಓಣಿಗೆ ಸಂಘ ಯಾಕೆ ಹೋಗಲಿಲ್ಲ?

1980ರ ಬೇಡಿಕೆಗಳ ಸಾಲು ನೋಡಿ: ಲೆವಿ ರದ್ದು, ನೀರಿನ ಕರ ಇಳಿಕೆ, ಸಾಲ ಮನ್ನಾ, ಬೆಳೆಗೆ ಬೆಲೆ. ಎಲ್ಲವೂ ಉತಾರ ಇದ್ದವರ ಬೇಡಿಕೆ. ಹತ್ತಿ ಬಿಡಿಸುವ ಹೆಣ್ಣಾಳಿಗೆ ಲೆವಿಯೂ ಇಲ್ಲ, ಸೊಸೈಟಿ ಸಾಲವೂ ಇಲ್ಲ. ಕೂಲಿ ದರದ ಮಾತು ಬಂದಾಗ ಇದೇ ರೈತ ಧಣಿಯ ಜಾಗದಲ್ಲಿ ನಿಲ್ಲುತ್ತಾನೆ. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಲವಾಗಿ ಬೆಳೆಯಿತು, ವೇದಿಕೆಯ ಮೇಲೆ ಎರಡೂ ಕೆಲವೊಮ್ಮೆ ಜೊತೆಗೆ ಕಂಡವು, ಹಳ್ಳಿಯಲ್ಲಿ ಮಾತ್ರ ಕೂಡಲಿಲ್ಲ. ಎರಡು ಚಳವಳಿ ಒಟ್ಟಾಗಿದ್ದರೆ ಕರ್ನಾಟಕದ ರಾಜಕೀಯವೇ ಬೇರೆ ಇರುತ್ತಿತ್ತು ಅಂತ ಹೇಳುವವರಿದ್ದಾರೆ. ಅದು ಹಾಗೆ ಕೂಡುವ ವಸ್ತುವೇ ಅಲ್ಲ ಅಂತ ನನ್ನ ವಾದ. ಒಬ್ಬರ ಖರ್ಚು ಇನ್ನೊಬ್ಬರ ಕೂಲಿ.

ಇದರ ಪರಿಣಾಮ ಇವತ್ತಿಗೂ ಇದೆ. ಸಾಲ ಮನ್ನಾ ಘೋಷಣೆಯಾದಾಗಲೆಲ್ಲ, 2017ರಲ್ಲಿ ಸಹಕಾರ ಸಂಘಗಳ 50 ಸಾವಿರದವರೆಗಿನದು, 2018ರಲ್ಲಿ 2 ಲಕ್ಷದವರೆಗಿನದು, ‘ರೈತ’ ಅಂದರೆ ಖಾತೆ ಇದ್ದವನು. ಲಾವಣಿ (ಗೇಣಿ) ಹಿಡಿದು ಮಾಡುವವನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಹೊಲದ ಒಡೆಯ ಹುಬ್ಬಳ್ಳಿಯಲ್ಲಿ ಕೂತು ಮನ್ನಾ ಪಡೆದಿರುತ್ತಾನೆ.

ವರದಾತೀರ

ಕೆಂಪುನೆಲ ಅವರ ಮಾತಿನಲ್ಲಿ ಹುರುಳಿದೆ, ಆದರೂ ಪೂರ್ತಿ ಒಪ್ಪಲಾರೆ. 1974ರ ಕಾಯ್ದೆಯಿಂದ ಭೂಮಿ ಪಡೆದ ಸಣ್ಣವರೂ ಆ ಗುಂಪಿನಲ್ಲಿದ್ದರು. ದಾಖಲೆಪೆಟ್ಟಿಗೆಯವರು ಮೇಲೆ ಹೇಳಿದ್ದು ಅದನ್ನೇ. ಅದಿರಲಿ. ಹಾವೇರಿ ಕಡೆಯ ಎರಡು ಘಟನೆ ಇಟ್ಟು ನೋಡಿದರೆ ಬಂಡಾಯದ ಪರಿಣಾಮ ಇನ್ನಷ್ಟು ತಿಳಿಯಾಗುತ್ತದೆ.

ಒಂದು, 2008ರ ಜೂನ್ 10. ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣ ಮಾಡಿ ಎರಡು ವಾರ ಕಳೆದಿರಲಿಲ್ಲ. ಮುಂಗಾರು ಬಿತ್ತನೆಯ ಹೊತ್ತು, ಡಿಎಪಿ ಗೊಬ್ಬರ ಇಲ್ಲ. ಡಿಎಪಿಯನ್ನು ಬಿತ್ತುವಾಗಲೇ ಬೀಜದ ಜೊತೆ ಕೊಡಬೇಕು. ಹದ ಹೋದ ಮೇಲೆ ಲಾರಿಗಟ್ಟಲೆ ಬಂದರೂ ಅಷ್ಟಕ್ಕಷ್ಟೆ. ಹಾಗಾಗಿ ಗೊಬ್ಬರದ ಸಾಲು ಒಂದು ವಾರ ತಡೆದುಕೊಳ್ಳುವ ಸಾಲಲ್ಲ. ಹಾವೇರಿಯಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. 1980ರ ಹಾಗೆ ಸರ್ಕಾರ ಅಲುಗಾಡಿತೇ? ಇಲ್ಲ. 2011ರಲ್ಲಿ ಅದೇ ಸರ್ಕಾರ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿತು, 2018ರಲ್ಲಿ ಅದೇ ನಾಯಕರು ಹಸಿರು ಶಾಲು ಹೊದ್ದು ಮತ್ತೆ ಪ್ರಮಾಣ ಮಾಡಿದರು. ಇದನ್ನು ಬರೀ ನಾಟಕ ಅಂತ ತಳ್ಳಿಹಾಕುವುದು ಸುಲಭ. ನರಗುಂದದ ನಂತರ ಯಾವ ಮುಖ್ಯಮಂತ್ರಿಗೂ ರೈತವಿರೋಧಿ ಅನ್ನಿಸಿಕೊಂಡು ಉಳಿಯುವ ಧೈರ್ಯ ಇಲ್ಲ. ಆ ಭಯಕ್ಕೆ ಅವರು ಕಂಡುಕೊಂಡ ಮದ್ದು ಶಾಲು ಮತ್ತು ಬಜೆಟ್.

ಎರಡು, 2024ರ ಮಾರ್ಚ್ 11, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ದರ ದಿಢೀರ್ ಬಿತ್ತು, ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಸಿಟ್ಟು 1980ಕ್ಕಿಂತ ಕಡಿಮೆಯದೇನಲ್ಲ. ಚಳವಳಿ ಆಯಿತೇ? ಆಗಲಿಲ್ಲ. ಅಲ್ಲಿ ಚೀಲ ತಂದವರಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದವರು ಬಹಳ. ಸಂಜೆಗೆ ಎಲ್ಲರೂ ಅವರವರ ಊರಿಗೆ. ಊರುಗಳ ನಡುವೆ ಕೊಂಡಿ ಇಲ್ಲ. ದರ ಕಟ್ಟಿದವರು ನೂರಾರು ಖರೀದಿದಾರರು, ತಹಶೀಲ್ದಾರನ ಹಾಗೆ ಒಬ್ಬ ಎದುರಾಳಿ ಇಲ್ಲ. ಮಲಪ್ರಭೆಯಲ್ಲಿ ಒಂದೇ ಕಾಲುವೆ, ಒಂದೇ ನಮೂನೆಯ ನೋಟಿಸು, ಒಂದೇ ಕಚೇರಿ. ಊರಿಗೊಬ್ಬ ಮುಖಂಡ, ಎಲ್ಲರಿಗೂ ಒಂದೇ ತಕರಾರು.

ಎರಿಹೊಲ

ವರದಾತೀರ ಅವರ ಮಾತು ಹಿಡದು ನಾ ನನ್ನ ವಾದ ಹೇಳಿಬಿಡ್ತೀನಿ. ಬಂಡಾಯದಿಂದ ಸರಕಾರಗಳು ಕಲತ ಪಾಠ ಒಂದ: ರೈತನ ಹತ್ರ ರೊಕ್ಕ ಕೇಳಬಾರದು. ನೀರು ಕೊಡಬೇಕು ಅನ್ನೂ ಪಾಠ ಕಲೀಲಿಲ್ಲ.

ನೀರಿನ ಕರ ನೋಡ್ರಿ. 2000ನೇ ಇಸವಿಗೆ ಪರಿಷ್ಕರಿಸಿದ ದರ ಎಕರೆಗೆ ಕಬ್ಬಿಗೆ 400, ಭತ್ತಕ್ಕ 100, ಹತ್ತಿ-ಗೋದಿಗೆ 60, ಜೋಳದಂಥ ಬೆಳಿಗೆ 35 ರೂಪಾಯಿ. ಇವತ್ತು 60 ರೂಪಾಯಿಗೆ ಒಂದು ಹೊತ್ತಿನ ಖಾನಾವಳಿ ಊಟ ಸಿಗೂದೂ ಕಷ್ಟ. ಅದನ್ನೂ ಬಿಗಿಯಾಗಿ ವಸೂಲಿ ಮಾಡೂದಿಲ್ಲ. ಮೇಲ್ನೋಟಕ್ಕ ರೈತನ ಗೆಲುವು. ಆದ್ರ ರೊಕ್ಕ ಕೊಡದವನಿಗೆ ದಬಾಯಿಸಿ ಕೇಳೂ ಬಾಯಿನೂ ಇರೂದಿಲ್ಲ. ಕಾಲುವಿ ಹೂಳು ತೆಗಿಯಾಕ ಇಲಾಖೆ ಬಜೆಟ್ಟಿನ ದಾರಿ ಕಾಯ್ತದ, ಬಜೆಟ್ಟು ಬೆಂಗಳೂರಿನ ದಾರಿ ಕಾಯ್ತದ. ಇದನ್ನ ಸರಿ ಮಾಡಾಕ ಅಂತ 2000ದಾಗ ನೀರಾವರಿ ಕಾಯ್ದೆ ತಿದ್ದಿ ನೀರು ಬಳಕೆದಾರರ ಸಹಕಾರ ಸಂಘ ತಂದ್ರು: ಸಂಘ ಇಲಾಖೆಯಿಂದ ಅಳತಿ ಮಾಡಿ ನೀರು ತಗೋಬೇಕು, ರೈತರಿಂದ ಕರ ವಸೂಲಿ ಮಾಡಬೇಕು, ಒಂದು ಪಾಲು ಇಟಗೊಂಡು ಉಪಕಾಲುವಿ ರಿಪೇರಿ ಮಾಡಬೇಕು. ಕಾಗದದ ಮ್ಯಾಲ ಚಂದ. ಆದ್ರ ಬಹಳ ಕಡೆ ಅಳತಿಪಟ್ಟಿನೇ ಇಲ್ಲ, ಗೇಟಿನ ಸ್ಕ್ರೂ ತುಕ್ಕು ಹಿಡದು ತಿರಗೂದಿಲ್ಲ. ಅಳತಿ ಇಲ್ಲದ ನೀರಿಗೆ ಸಂಘದವ ಯಾರ ಹತ್ರ ರೊಕ್ಕ ಕೇಳ್ಯಾನು? ಕೇಳಿದ್ರ ಅವನಿಗೂ 1980 ನೆನಪ ಮಾಡಿ ಕೊಡ್ತಾರ.

ಬಂಗಾರಪ್ಪನವರ ಕಾಲದಾಗ ಬಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ತಗೋರಿ, ಈಗ 5 ಲಕ್ಷದ ತನಕ ಸೊನ್ನೆ ಬಡ್ಡಿ ಸಾಲ ತಗೋರಿ, ಎಲ್ಲಾ ಅದ ಜಾಡು. ಕಾಲುವಿ ಕೊನಿಯವನಿಗೆ ಪಂಪ್‌ಸೆಟ್ ಕರೆಂಟಿನಿಂದ ಲಾಭ ಬಹಳ ಇಲ್ಲ. ಬಂಡಾಯ ಮಾಡಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು.

ದಾಖಲೆಪೆಟ್ಟಿಗೆ

ಗೋವಾ ಕಡೆಗೆ ಹರಿಯುವ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಿ ಎಂಬ ಹೋರಾಟವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. ಜುಲೈ ತಿಂಗಳೇ, ಹುತಾತ್ಮರ ದಿನದ ಹೊಸ್ತಿಲಲ್ಲೇ. ಮರು ವರ್ಷ ಜುಲೈನಲ್ಲಿ 7.56 ಟಿಎಂಸಿಯ ಮಧ್ಯಂತರ ಬೇಡಿಕೆಯನ್ನು ನ್ಯಾಯಮಂಡಳಿ ತಿರಸ್ಕರಿಸಿದಾಗ ನವಲಗುಂದ ಮತ್ತೆ ಹೊತ್ತಿಕೊಂಡಿತು, ಯಮನೂರಿನಲ್ಲಿ ಲಾಠಿ ಬಿತ್ತು. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ತಿಗೆ, 1.5 ಮಹದಾಯಿ ಕಣಿವೆಯ ಒಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.9. ಅದೂ ಕುಡಿಯುವ ನೀರಿನ ಹೆಸರಿನಲ್ಲಿ. 2020ರ ಫೆಬ್ರುವರಿ 27ರಂದು ಅಧಿಸೂಚನೆ, 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ.

ಹುಬ್ಬಳ್ಳಿ-ಧಾರವಾಡ ಕುಡಿಯುವುದು ರೇಣುಕಾಸಾಗರದ ನೀರನ್ನೇ. ಹಾಗಾಗಿ 3.9 ಬಂದರೆ ಡ್ಯಾಮಿನ ಮೇಲಿನ ಹೊರೆ ಅಷ್ಟು ಇಳಿದು ಹೊಲಕ್ಕೆ ಉಳಿಯಬಹುದು ಎಂಬುದು ಆಸೆ. ಆದರೆ ಎರಿಹೊಲ ಅವರ ಲೆಕ್ಕದ ಪ್ರಕಾರವೇ 3.9 ಟಿಎಂಸಿ ಅಂದರೆ 89,500 ಎಕರೆ-ಅಡಿ. 5 ಲಕ್ಷ ಎಕರೆಗೆ ಹಂಚಿದರೆ ಎರಡು ಇಂಚು ಚಿಲ್ಲರೆ. ಕಾಲುವೆಯಲ್ಲಿ ಸೋರಿಹೋಗುವುದು ಅದಕ್ಕಿಂತ ಹೆಚ್ಚು.

ರಾಜಕೀಯವಾಗಿ ಆದ ಬದಲಾವಣೆ ದೊಡ್ಡದು. 1980ರಲ್ಲಿ ಎದುರಿಗಿದ್ದದ್ದು ತಾಲ್ಲೂಕು ಕಚೇರಿ, ಅದರ ಹಿಂದೆ ರಾಜ್ಯ ಸರ್ಕಾರ. ಈಗ ಎದುರಾಳಿ ಗೋವಾ, ನ್ಯಾಯಮಂಡಳಿ, ದಿಲ್ಲಿ. ಹಾಗಾಗಿ ರಾಜ್ಯದ ಎಲ್ಲ ಪಕ್ಷದವರಿಗೂ ಧರಣಿ ಪೆಂಡಾಲಿಗೆ ಬಂದು ಕೂರಲು ಅಡ್ಡಿಯಿಲ್ಲ. ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಬೇರೆ ಬೇರೆ ಬಣದವರು ಬೇರೆ ಬೇರೆ ಹೊತ್ತಿಗೆ ಬಂದು ಮಾಲೆ ಹಾಕಿ ಹೋಗುತ್ತಾರೆ. ಹೂಳಿನ ವಿಷಯ ಎತ್ತಿದರೆ ಮಾತ್ರ ರಾಜ್ಯ ಸರ್ಕಾರವೇ ಉತ್ತರ ಕೊಡಬೇಕಾಗುತ್ತದೆ, ಅದಕ್ಕೇ ಅದು ಭಾಷಣದಲ್ಲಿ ಬರುವುದಿಲ್ಲ.

ಕೆಂಪುನೆಲ

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ, 79ಸಿ ಕಲಂ ತೆಗೆದು, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದರಲ್ಲ, ಆಗ ರೈತ ಸಂಘದ ಬಣಗಳು, ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು ಒಟ್ಟಿಗೆ ಬೀದಿಗಿಳಿದವು. 1980ರಲ್ಲಿ ಕೂಡದವರು ಅಲ್ಲಿ ಕೂಡಿದರು. ಇದನ್ನೂ ಉತ್ತರದಲ್ಲಿ ಸೇರಿಸಬಹುದು. ಆದರೆ ತಿದ್ದುಪಡಿಯನ್ನು ತಡೆಯಲಾಗಲಿಲ್ಲ.

ಸಪ್ತಾಪುರ_ಓದುಗ

ಎರಿಹೊಲ ಅವರ ವಾದ, ‘ವಸೂಲಿ ನಿಂತಿತು, ನೀರು ಬರಲಿಲ್ಲ’, ಉತ್ತರದ ಬೆನ್ನೆಲುಬಾಗಿ ಇಟ್ಟುಕೊಳ್ಳುತ್ತೇನೆ. ಆದರೆ ವಸೂಲಿ ನಿಜಕ್ಕೂ ಎಷ್ಟು ಕಡಿಮೆ ಅಂತ ಅಂಕಿ ತೋರಿಸಲು ದಾರಿ ಇದೆಯೇ?

ದಾಖಲೆಪೆಟ್ಟಿಗೆ

ಇದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನೀರಿನ ಕರ ಎಷ್ಟು ವಸೂಲಾಗಿದೆ’ ಅಂತ ಸಡಿಲವಾಗಿ ಕೇಳಿದರೆ ‘ಮಾಹಿತಿ ಕ್ರೋಡೀಕರಿಸಿಲ್ಲ’ ಅಂತ ವಾಪಸ್ ಬರುತ್ತದೆ. ಕೇಳಬೇಕಾದದ್ದು ಬೇಡಿಕೆ-ವಸೂಲಿ-ಬಾಕಿ ತಖ್ತೆಯ ದೃಢೀಕೃತ ಪ್ರತಿ. ಕಚೇರಿಯಲ್ಲಿ ಅದಕ್ಕೆ ಡಿಸಿಬಿ ಅಂತಾರೆ. ಉಪವಿಭಾಗದ ಹೆಸರು ಬರೆಯಿರಿ, ಆರ್ಥಿಕ ವರ್ಷ ಬರೆಯಿರಿ, ಒಂದು ಅರ್ಜಿಗೆ ಮೂರು ವರ್ಷಕ್ಕಿಂತ ಹೆಚ್ಚು ಬೇಡ. ಅದೇ ಅರ್ಜಿಯಲ್ಲಿ ಆ ವರ್ಷಗಳ ನೀರು ಬಿಟ್ಟ ದಿನಗಳ ವೇಳಾಪಟ್ಟಿಯನ್ನೂ ಕೇಳಿ. ಎರಡನ್ನೂ ಪಕ್ಕದಲ್ಲಿಟ್ಟರೆ ನೀರೇ ಬರದ ವರ್ಷಕ್ಕೂ ಬೇಡಿಕೆ ಹಾಕಿದ್ದಾರೋ ಇಲ್ಲವೋ ತಿಳಿಯುತ್ತದೆ.

ಎರಿಹೊಲ

ಅರ್ಜಿ ಎಲ್ಲಿಗೆ ಅನ್ನೂದ್ರಾಗ ಜನ ತಪ್ತಾರ. ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹಾಕಬ್ಯಾಡ ತಮ್ಮಾ, ಅವರದು ಹೊಲಗಾಲುವಿ ಮತ್ತ ಸವಳು-ಜವಳು ಜಮೀನಿನ ಕೆಲಸ. ದೊಡ್ಡ ಕಾಲುವಿಗೆ ನೀರು ಬಿಟ್ಟ ಲೆಕ್ಕ ನೀರಾವರಿ ನಿಗಮದ ಕಾರ್ಯಪಾಲಕ ಎಂಜಿನಿಯರ್ ವಿಭಾಗದಾಗ ಇರ್ತದ. ತಪ್ಪು ಕಚೇರಿಗೆ ಹೋದ್ರ ಕಲಂ 6(3)ರ ಪ್ರಕಾರ ಐದು ದಿನದಾಗ ಅವರ ವರ್ಗಾಯಿಸಬೇಕು, ಆದ್ರ ಅದನ್ನ ನಂಬಿ ಕೂಡಬ್ಯಾಡ. ನರಗುಂದ ಮತ್ತ ನವಲಗುಂದ ಎರಡಕ್ಕೂ ಬ್ಯಾರೆ ಬ್ಯಾರೆ ಅರ್ಜಿ ಹಾಕು. ಒಂದರಾಗ ಎರಡೂ ಬರದ್ರ, ಅರ್ಧ ನಮ್ಮ ವ್ಯಾಪ್ತಿಗೆ ಬರೂದಿಲ್ಲ ಅಂತ ಪೂರ್ತಿ ತಿರುಗಿಸಿ ಕಳಸ್ತಾರ.